ಮೇಲಿನಿಂದಲೇ ಇಲ್ಲ

ಆರಿದ್ರಾ ಮಳೆ ಹಿಡಿದ ಮರುದಿನ ಬೆಳಿಗ್ಗೆ ನನ್ನ ಮೊಬೈಲಿಗೊಂದು ಸಂದೇಶ ಬಂತು. ‘ತಾಂತ್ರಿಕ ಕಾರಣಗಳಿಂದ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯವಾಗಲಿದೆ. ಗ್ರಾಹಕರು ಸಹಕರಿಸಬೇಕು.’ ಕರೆಂಟ್ ಹೋಗಿ ಅಷ್ಟು ಹೊತ್ತಿಗೆ ಹದಿನಾಲ್ಕು ಗಂಟೆಯಾಗಿತ್ತು. ಹೋಗಿರುವುದಲ್ಲದೆ ಇನ್ನೊಂದು ಕರೆಂಟ್ ನಮ್ಮ ಮನೆಯಲ್ಲಿ ಎಲ್ಲೋ ಉಳಿದಿದೆ, ಅದೂ ಹೋಗಲಿದೆ ಎಂದು ಅವರು ನಂಬಿದ್ದಾರಲ್ಲ, ಆ ಭರವಸೆ ನನಗೆ ಹಿಡಿಸಿತು.

‘ವ್ಯತ್ಯಯ’ ಎಷ್ಟು ಮೆತ್ತನೆಯ ಮಾತು ನೋಡಿ. ನಮ್ಮಜ್ಜ ತೀರಿಕೊಂಡಾಗ ‘ಅಜ್ಜನಲ್ಲಿ ವ್ಯತ್ಯಯವಾಗಿದೆ, ನೆಂಟರು ಸಹಕರಿಸಬೇಕು’ ಎಂದು ಕಾಗದ ಬರೆಯಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಇನ್ನು ಸಹಕಾರದ ವಿಷಯ. ಇಲ್ಲದ ಕರೆಂಟಿನೊಂದಿಗೆ ಸಹಕರಿಸುವುದು ಹೇಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ಕತ್ತಲೆಯಲ್ಲಿ ಸುಮ್ಮನಿರುವುದೇ ಸಹಕಾರವಾದರೆ ನಮ್ಮ ಅಟ್ಟದ ಬಾವಲಿಗಳು ಇಷ್ಟರಲ್ಲಿ ಸಹಕಾರ ಸಂಘವನ್ನೇ ನೋಂದಾಯಿಸಿಕೊಳ್ಳಬಹುದಿತ್ತು.

ಫೋನಿನಲ್ಲಿ ಶೇಕಡಾ 17 ಚಾರ್ಜ್ ಇತ್ತು. ದೂರು ಕೊಡೋಣವೆಂದು ಸಂಖ್ಯೆ ಒತ್ತಿದೆ. ಒಂದು ಹೆಣ್ಣುದನಿ, ಮುದ್ರಿತವಾದದ್ದು, ಬಹಳ ವಿನಯದಿಂದ ಮಾತನಾಡಿತು: ಎಲ್ಲ ಸಿಬ್ಬಂದಿಯೂ ಕಾರ್ಯನಿರತರಾಗಿದ್ದಾರೆ, ತಾವು ನಮ್ಮ ಆ್ಯಪ್ ಇಳಿಸಿಕೊಂಡು ಅದರಲ್ಲೇ ದೂರು ದಾಖಲಿಸಬಹುದು. ಇಳಿಸಿಕೊಂಡೆ. ಆರ್.ಆರ್. ನಂಬರ್ ಕೇಳಿತು. ಹಳೆಯ ಬಿಲ್ಲು ಹುಡುಕಲು ಫೋನಿನ ಟಾರ್ಚ್ ಹಾಕಿದೆ. ಒ.ಟಿ.ಪಿ. ಕಳಿಸಿರುವುದಾಗಿ ಹೇಳಿತು. ಅದು ಬರುವಷ್ಟರಲ್ಲಿ ಅವಧಿ ಮುಗಿದಿತ್ತು. ಎರಡನೆಯ ಸಲ ಪ್ರಯತ್ನಿಸಿದಾಗ, ಹಾನಿಯಾದ ಜಾಗದ ಫೋಟೊ ಲಗತ್ತಿಸಲು ಹೇಳಿತು. ಕತ್ತಲೆಯ ಫೋಟೊ ತೆಗೆದು ಕಳಿಸಿದೆ. ಶೇಕಡಾ 4. ಕರೆಂಟ್ ಇಲ್ಲವೆಂದು ಹೇಳಲು ಕರೆಂಟ್ ಇರಬೇಕು ಎಂಬ ನಿಯಮವನ್ನು ಕಂಡುಹಿಡಿದವರಿಗೆ ನನ್ನ ನಮಸ್ಕಾರ.

ಈ ವಿಷಯದಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ನಮಗಿಂತ ಬಹಳ ಮುಂದಿದ್ದಾರೆ. 2023ರ ಅಕ್ಟೋಬರಿನಲ್ಲಿ ಅವರು ಹೊಲದಲ್ಲಿ ಸಿಕ್ಕ ಮೊಸಳೆಯೊಂದನ್ನು ಕಟ್ಟಿ ಹೊತ್ತು ತಂದು ವಿದ್ಯುತ್ ಉಪಕೇಂದ್ರದಲ್ಲಿ ಇಳಿಸಿದ್ದು ನಿಮಗೆ ನೆನಪಿರಬೇಕು. ಮೂರು ಫೇಸ್ ಕರೆಂಟನ್ನು ರಾತ್ರಿ ಕೊಡುತ್ತೀರಿ, ಕತ್ತಲೆಯಲ್ಲಿ ನೀರು ಹಾಯಿಸುವಾಗ ಇಂಥದ್ದು ಕಚ್ಚಿದರೆ ಹೊಣೆ ಯಾರು ಎಂಬುದು ಅವರ ಪ್ರಶ್ನೆ. ದೂರು ಎಂದರೆ ಅದು. ಆರ್.ಆರ್. ನಂಬರ್ ಬೇಡ, ಒ.ಟಿ.ಪಿ. ಬೇಡ, ಲಗತ್ತಿಸಬೇಕಾದದ್ದು ಬಾಯಿ ತೆರೆದುಕೊಂಡು ತಾನೇ ಮೇಜಿನ ಮುಂದೆ ಮಲಗಿದೆ. ಕೊನೆಗೆ ಅರಣ್ಯ ಇಲಾಖೆಯವರು ಬಂದು ದೂರನ್ನು ಎತ್ತಿಕೊಂಡು ಹೋದರು. ನಮ್ಮ ಕಡೆ ಮೊಸಳೆ ಸಿಗುವುದಿಲ್ಲ. ರಕ್ತ ಹೀರುವ ಉಂಬಳ ಬೇಕಾದಷ್ಟಿವೆ, ಆದರೆ ಉಂಬಳಕ್ಕೆ ಹೆದರುವ ಕಚೇರಿ ಮಲೆನಾಡಿನಲ್ಲಿ ಇಲ್ಲ.

ಪರಿಚಯದ ಪವರ್‌ಮ್ಯಾನ್‌ಗೆ ಫೋನ್ ಮಾಡಿದೆ. ಉತ್ತರ ಗೊತ್ತಿದ್ದದ್ದೇ: “ಮೇಲಿನಿಂದಲೇ ಇಲ್ಲ ಸರ್.”

ಈ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಆಗ ಎಲ್ಲವೂ ಕೆ.ಇ.ಬಿ., ಅಂದರೆ ವಿದ್ಯುತ್ ಮಂಡಳಿ, ಆಗಿತ್ತು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳ ಪಾಲಿಗೆ ಹೋಯಿತು. ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ ಈಗ ಉತ್ಪಾದಿಸುವವರು ಬೇರೆ, ಸಾಗಿಸುವವರು ಬೇರೆ, ಹಂಚುವವರು ಬೇರೆ. ಊರಿನವರು ಮಾತ್ರ ಇವತ್ತಿಗೂ “ಕೆ.ಇ.ಬಿ.ಯವರು ಕರೆಂಟ್ ತೆಗೆದರು” ಎಂದೇ ಬೈಯುತ್ತಾರೆ. ಪಾಲಾದ ಮೇಲೆ ಪ್ರತಿಯೊಬ್ಬರಿಗೂ ತೋರಿಸಲು ಒಂದು ‘ಮೇಲು’ ಸಿಕ್ಕಿದೆ. ಸೆಕ್ಷನ್ ಆಫೀಸಿನ ಮೇಲೆ ಉಪಕೇಂದ್ರ, ಅದರ ಮೇಲೆ 33 ಕೆ.ವಿ. ಲೈನ್, ಅದರ ಮೇಲೆ 110. ಹೀಗೆ ಹತ್ತುತ್ತಾ ಹೋದರೆ ತುತ್ತತುದಿಯಲ್ಲಿ ಸಿಗುವುದು ಮಳೆ. ಮಳೆ ಬಂದರೆ ಮರ ಬಿದ್ದು ಕರೆಂಟ್ ಇಲ್ಲ, ಬಾರದಿದ್ದರೆ ಜಲಾಶಯ ಬರಿದಾಗಿ ಕರೆಂಟ್ ಇಲ್ಲ. ಇಷ್ಟು ಕಾಲ ಎರಡೂ ಕಡೆಯ ಬೈಗುಳ ತಿಂದು ಸುಮ್ಮನಿರುವ ಆ ವರುಣನಿಗೆ ಒಂದು ಅನುಕಂಪದ ನೌಕರಿಯನ್ನಾದರೂ ಕೊಡಬೇಕು.

ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲು ಸೊನ್ನೆ. ಪುಕ್ಕಟೆ ತಿಂದು ದೂರಬಾರದು ಎಂದು ಭಾವ ಆಗಾಗ ಎಚ್ಚರಿಸುತ್ತಾರೆ. ಆದರೆ ಲೆಕ್ಕ ನೋಡಿ. 200 ಯೂನಿಟ್ ಎಂಬುದು ಮೇಲಿನ ಮಿತಿ. ನಿಮ್ಮ ಪಾಲಿಗೆ ಬರುವುದು 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅಷ್ಟು, ಅದರ ಮೇಲೆ ತುಸು. ಆ ವರ್ಷವೂ ನಮ್ಮಲ್ಲಿ ಮಳೆಗಾಲವಿತ್ತು. ಇಲ್ಲದ ಕರೆಂಟನ್ನು ನಾವು ಉರಿಸಲಾಗಲಿಲ್ಲ, ಉರಿಸದ್ದರಿಂದ ಸರಾಸರಿ ಇಳಿಯಿತು, ಸರಾಸರಿ ಇಳಿದದ್ದರಿಂದ ಪುಕ್ಕಟೆಯ ಮಿತಿಯೂ ಇಳಿಯಿತು. ಅಂದರೆ ನಾವು ತೋರಿಸಿದ ಸಹಕಾರ ಎಲ್ಲೋ ಒಂದು ಕಡೆ ದಾಖಲಾಗಿದೆ. ಸಮಾಧಾನ.

ಹೀಗೆ ಚಾರ್ಜರ್ ತಯಾರಿಕೆಗೆ ಇಳಿದೆ. ಪವರ್ ಬ್ಯಾಂಕ್ ಇರಲಿಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಇತ್ತು. ಎರಡನೆಯ ದಿನ ಅದೂ ಸತ್ತಿತು. ಅದಕ್ಕೂ ಹೊಟ್ಟೆಗೆ ಕರೆಂಟೇ ಬೇಕು. ಇನ್ವರ್ಟರ್ ಸೂತಕದ ಮನೆಯ ಹಾಗೆ ಕುಯ್ಯೋ ಎಂದು ಅತ್ತು ಸುಮ್ಮನಾಗಿತ್ತು. ಭಾವನ ಕಾರಿನಲ್ಲಿ ಕೂತು ಚಾರ್ಜ್ ಮಾಡಿಕೊಳ್ಳಬಹುದಿತ್ತು, ಆದರೆ ಆ ಕಾರು ಊರಿನ ಕಾರಾಗಿ, ಅದರೊಳಗೆ ನಾಲ್ಕು ಮನೆಯ ಹನ್ನೊಂದು ಫೋನುಗಳು ಸರದಿಯಲ್ಲಿದ್ದವು.

ಒಂಬತ್ತನೆಯ ತರಗತಿಯಲ್ಲಿರುವ ಅಣ್ಣನ ಮಗನೇ ನಮ್ಮ ಮನೆಯ ವಿಜ್ಞಾನಿ. “ಚಿಕ್ಕಪ್ಪ, ನಿಂಬೆಹಣ್ಣಿನಿಂದ ಕರೆಂಟ್ ಬರುತ್ತದೆ, ನಮ್ಮ ಪಾಠದಲ್ಲಿದೆ” ಎಂದ. ನಿಂಬೆ ಇರಲಿಲ್ಲ, ಹಿತ್ತಲಿನಲ್ಲಿ ಹೇರಳೆಕಾಯಿ ಇದ್ದವು. ಸತುವಿನ ಲೇಪದ ಮೊಳೆ ಒಂದು ಕಡೆ, ತಾಮ್ರದ ತಂತಿ ಇನ್ನೊಂದು ಕಡೆ ಚುಚ್ಚಿದೆವು. ಬರುತ್ತದೆ, ಸುಳ್ಳಲ್ಲ. ಒಂದು ಕಾಯಿಗೆ ಒಂದು ವೋಲ್ಟಿಗಿಂತ ತುಸು ಕಡಿಮೆ. ಆರು ಕಾಯಿ ಸಾಲಾಗಿ ಕಟ್ಟಿದರೆ ಫೋನಿಗೆ ಬೇಕಾದ ಐದು ವೋಲ್ಟ್ ಮೀಟರಿನಲ್ಲಿ ಕಾಣಿಸುತ್ತದೆ. ಆದರೆ ಅದರಲ್ಲಿ ಹರಿಯುವುದು ಹೆಚ್ಚೆಂದರೆ ಒಂದು ಮಿಲಿ ಆಂಪಿಯರ್. ಫೋನು ಕೇಳುವುದು ಅದರ ಸಾವಿರದಷ್ಟು. ಅಂದರೆ ಆರು ಸಾವಿರ ಹೇರಳೆಕಾಯಿ. “ಆಮೇಲೆ ಉಪ್ಪಿನಕಾಯಿ ಹಾಕಬಹುದಲ್ಲ” ಎಂದರು ಅತ್ತಿಗೆ. ಸತು ಇಳಿದ ಹಣ್ಣನ್ನು ತಿನ್ನಬಾರದು ಎಂದು ವಿಜ್ಞಾನಿ ತಡೆದ.

ಆಮೇಲೆ ಎಲ್ಲರೂ ನೋಡಿರುವ ಆ ವಿಡಿಯೊ. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ, ಕಾರಿನಲ್ಲಿ ಚುಚ್ಚುವ ಚಾರ್ಜರ್, ಪೆನ್ನಿನೊಳಗಿನ ಸ್ಪ್ರಿಂಗು. ಬ್ಯಾಟರಿಯ ಒಂದು ತುದಿಗೆ ಚಾರ್ಜರಿನ ಮೂತಿ ಮುಟ್ಟಿಸಿ, ಇನ್ನೊಂದು ತುದಿಯಿಂದ ಸ್ಪ್ರಿಂಗನ್ನು ಪಕ್ಕಕ್ಕೆ ತಂದರೆ ‘ತುರ್ತು ಚಾರ್ಜರ್’ ಸಿದ್ಧ. ಚಾರ್ಜ್ ಆಗುತ್ತಿರುವ ಗುರುತು ಕಂಡೊಡನೆ ವಿಡಿಯೊ ಮುಗಿಯುತ್ತದೆ. ಏಕೆ ಮುಗಿಯುತ್ತದೆ ಎಂದು ಮಾಡಿ ನೋಡಿದಾಗ ತಿಳಿಯಿತು. ಆ ಬ್ಯಾಟರಿಯಲ್ಲಿ ಒಳ್ಳೆಯ ಜಾತಿಯದಾದರೆ 500 ಮಿಲಿ ಆಂಪಿಯರ್ ಗಂಟೆ ಇರುತ್ತದೆ, ಅಂದರೆ ನಾಲ್ಕೂವರೆ ವ್ಯಾಟ್ ಗಂಟೆ. 5000 ಮಿಲಿ ಆಂಪಿಯರ್ ಗಂಟೆಯ ಫೋನಿಗೆ ಬೇಕಾದದ್ದು ಸುಮಾರು 19 ವ್ಯಾಟ್ ಗಂಟೆ. ಅದೂ ಗಡಿಯಾರಕ್ಕೆ, ಹೊಗೆ ಕಂಡರೆ ಕೂಗುವ ಅಲಾರಮ್ಮಿಗೆ ಹನಿ ಹನಿಯಾಗಿ ಕೊಡಲು ಮಾಡಿದ ಬ್ಯಾಟರಿ. ಒಮ್ಮೆಗೇ ಹಿಂಡಿದರೆ ಬಿಸಿಯಾಗಿ ಕುಸಿದು ಕೂರುತ್ತದೆ. ಶೇಕಡಾ 2 ಇದ್ದದ್ದು 5 ಆಯಿತು. ಆ ಮೂರಕ್ಕೆ ಕೊಟ್ಟ ಬ್ಯಾಟರಿಯ ಹಣದಲ್ಲಿ ಒಂದು ತಿಂಗಳ ಸೀಮೆಎಣ್ಣೆ ಬರುತ್ತಿತ್ತು, ಸೀಮೆಎಣ್ಣೆ ಸಿಗುವ ಕಾಲವಾಗಿದ್ದರೆ.

ಸ್ಕೂಟರಿನ 12 ವೋಲ್ಟ್ ಬ್ಯಾಟರಿಯನ್ನೂ ಬಿಡಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯಾವಾಗಲೋ ತಂದಿಟ್ಟಿದ್ದ 7805 ಎಂಬ ಮೂರು ಕಾಲಿನ ಹುಳು ಪೆಟ್ಟಿಗೆಯಲ್ಲಿತ್ತು. ಹನ್ನೆರಡು ವೋಲ್ಟ್ ಕೊಟ್ಟರೂ ಐದನ್ನು ಮಾತ್ರ ಮುಂದಕ್ಕೆ ಬಿಟ್ಟು ಉಳಿದದ್ದನ್ನು ಶಾಖವಾಗಿ ಸುಡುವುದು ಅದರ ಸ್ವಭಾವ. ಒಂದು ಆಂಪಿಯರ್ ಎಳೆದರೆ ಫೋನಿಗೆ ಐದು ವ್ಯಾಟ್, ಸುಡುವುದಕ್ಕೆ ಏಳು ವ್ಯಾಟ್. ಮಂಜೂರಾದ ಹಣದಲ್ಲಿ ಫಲಾನುಭವಿಗೆ ತಲುಪುವ ಪಾಲನ್ನು ಯಾರಾದರೂ ಮಕ್ಕಳಿಗೆ ಪಾಠ ಮಾಡುವುದಿದ್ದರೆ ಈ ಬಿಡಿಭಾಗವನ್ನು ಶಿಫಾರಸು ಮಾಡುತ್ತೇನೆ. ನನ್ನ ಹೆಬ್ಬೆರಳಿನಲ್ಲಿ ಗುಳ್ಳೆ ಎದ್ದಿತು, ಮರುದಿನ ಸ್ಕೂಟರ್ ಸೆಲ್ಫ್ ಹಿಡಿಯಲಿಲ್ಲ.

ಆಗ ನೆನಪಾದದ್ದು ಅಟ್ಟದ ಮೇಲಿನ ಡೈನಮೋ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಸೀಸೆಯ ಆಕಾರದ ಸಣ್ಣ ಯಂತ್ರ, ಸೈಕಲ್ಲಿನ ಟೈರಿಗೆ ತಲೆ ಉಜ್ಜಿಕೊಂಡು ತಿರುಗುತ್ತ ಮುಂದಿನ ದೀಪ ಹೊತ್ತಿಸುತ್ತಿತ್ತು. ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದ ಕಾಲ ಅದು. ಹಿಡಿದರೆ ದಂಡವಿಲ್ಲ, ಎರಡೂ ಚಕ್ರದ ಗಾಳಿ ತೆಗೆದು ಕಳಿಸುವುದು. ಟೈರ್ ಸವೆಯುತ್ತದೆ, ತುಳಿಯಲು ಭಾರ ಎಂದು ನಮ್ಮಪ್ಪ ಡೈನಮೋವನ್ನು ಒತ್ತುತ್ತಲೇ ಇರಲಿಲ್ಲ. ದೂರದಲ್ಲಿ ಖಾಕಿ ಕಂಡರೆ ಮಾತ್ರ ಕಾಲಿನಿಂದ ಒದ್ದು ಹಾಕುತ್ತಿದ್ದರು. ಪೊಲೀಸಿನವನು ದಾಟುವವರೆಗೆ ನಮ್ಮ ಬದುಕಿನಲ್ಲಿ ಬೆಳಕು. ಒಮ್ಮೆ ಹಾಗೆ ಒದೆಯಲು ಹೋಗಿ ಡೈನಮೋ ಬದಲು ಪೊಲೀಸಿನವನಿಗೇ ತಾಗಿತ್ತಂತೆ. ಅಪ್ಪ ಅದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ಆರು ವೋಲ್ಟ್, ಮೂರು ವ್ಯಾಟಿನ ಡೈನಮೋ. ಅದು ಕೊಡುವುದು ಹಿಂದೆ ಮುಂದೆ ತಿರುಗುವ ಕರೆಂಟ್. ನಾಲ್ಕು ಡಯೋಡು, ಒಂದು ಕೆಪಾಸಿಟರ್, ಅದೇ 7805 ಸೇರಿಸಿ ಹದಕ್ಕೆ ತಂದೆವು. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಡೈನಮೋ ಕೂರಿಸಿ, ಜಗುಲಿಯಲ್ಲಿ ತುಳಿಯತೊಡಗಿದೆ. ಫೋನು ‘ಟಿಣ್’ ಎಂದಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಸ್ವಲ್ಪ ನಿಧಾನವಾದರೆ ಸಂಪರ್ಕ ತಪ್ಪುತ್ತದೆ, ಮತ್ತೆ ತುಳಿದರೆ ‘ಟಿಣ್’ ಎಂದು ಪರದೆ ಹೊತ್ತಿ ಬಂದದ್ದರಲ್ಲಿ ಒಂದಷ್ಟನ್ನು ತಾನೇ ತಿನ್ನುತ್ತದೆ. ಪೂರ್ತಿ ತುಂಬಲು ಕಡಿಮೆಯೆಂದರೂ ಎಂಟು ಗಂಟೆ. ಅಷ್ಟು ಹೊತ್ತು ರಸ್ತೆಯ ಮೇಲೆ ತುಳಿದಿದ್ದರೆ ನೂರು ಕಿ.ಮೀ. ಆಗುತ್ತಿತ್ತು, ಜಿಲ್ಲಾ ಕೇಂದ್ರಕ್ಕೇ ಹೋಗಿ ಖುದ್ದಾಗಿ ಸಹಕರಿಸಿ ಬರಬಹುದಿತ್ತು.

ಇಷ್ಟೆಲ್ಲ ಆಗಿ ಫೋನು ಎದ್ದಾಗ ನೆಟ್‌ವರ್ಕ್ ಇರಲಿಲ್ಲ. ಟವರಿಗೂ ಕರೆಂಟ್ ಬೇಕಲ್ಲ. ಅದರ ಬ್ಯಾಟರಿ ಮೊದಲ ದಿನವೇ ಮುಗಿದಿತ್ತು, ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. ಊರಿನ ಹುಡುಗರು ಮನೆಗೆ ಐವತ್ತು ರೂಪಾಯಿ ಎತ್ತಿ ಕ್ಯಾನಿನಲ್ಲಿ ಡೀಸೆಲ್ ಹೊತ್ತುಕೊಂಡು ಹೋದರು. ರೀಚಾರ್ಜ್ ಎಂದರೆ ಏನೆಂದು ಅವತ್ತು ನಮಗೆ ಸರಿಯಾಗಿ ಅರ್ಥವಾಯಿತು.

ನಮ್ಮದು ಶರಾವತಿ ಕಡೆಯ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಕೆಳಗಿನ ವಿದ್ಯುದಾಗಾರದ್ದು 1035 ಮೆಗಾವ್ಯಾಟ್. ಅಜ್ಜಿಯ ತವರುಮನೆ ಆ ನೀರಿನ ಅಡಿಯಲ್ಲಿದೆ, ಗದ್ದೆ, ತೋಟ, ದೇವರ ಬನ ಎಲ್ಲ. ನಾಡಿಗೆ ಬೆಳಕಾಗುತ್ತದೆ ಎಂದು ಹೇಳಿ ಎಬ್ಬಿಸಿದರು, ಅವರು ಎದ್ದರು. ಅಲ್ಲಿಂದ ಹೊರಟ ದೊಡ್ಡ ತಂತಿಗಳು ನಮ್ಮ ಗುಡ್ಡದ ನೆತ್ತಿಯ ಮೇಲೆ ಹಾದು ಹೋಗುತ್ತವೆ. ಅವುಗಳ ಕೆಳಗೆ ಕೂತು ನಾನು ಸೈಕಲ್ ತುಳಿಯುತ್ತಿದ್ದೇನೆ. ಮಳೆಗಾಲ ಪ್ರತಿ ವರ್ಷ ಜೂನ್ ಹೊತ್ತಿಗೆ ಬರುತ್ತದೆ. ಅದನ್ನು ಯಾರೂ ಗುಟ್ಟಾಗಿ ಇಟ್ಟಿಲ್ಲ. ತಂತಿಗೆ ತಾಗುವ ಕೊಂಬೆಗಳನ್ನು ಏಪ್ರಿಲ್‌ನಲ್ಲಿ ಕಡಿಯಬೇಕು, ಒರಗಿದ ಕಂಬ ಬದಲಿಸಬೇಕು, ಆಳು ಕೊಡಬೇಕು. ಇದರಲ್ಲಿ ತಾಂತ್ರಿಕ ಕಾರಣ ಏನಿದೆ? ನಗಿಸುವ ಮಾತು ಈ ಜಾಗದಲ್ಲಿ ನನಗೆ ಬರುತ್ತಿಲ್ಲ. ಬೇಸರವಾಗಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಪವರ್‌ಮ್ಯಾನ್ ಬಂದ. ರಾಯಚೂರಿನ ಕಡೆಯ ಹುಡುಗ. ಎಂಟು ಮೀಟರ್ ಕಂಬ ಹತ್ತಿ ತೋರಿಸಿ ಕೆಲಸ ಗಿಟ್ಟಿಸಿದವನು, ನಮ್ಮ ಮಳೆಯನ್ನು ಮಾತ್ರ ಯಾರೂ ಅವನಿಗೆ ಪರೀಕ್ಷೆಯಲ್ಲಿ ಕೇಳಿರಲಿಲ್ಲ. ಹೆಗಲ ಮೇಲೆ ಹಗ್ಗ, ಮೈತುಂಬ ನೀರು, ಕಾಲಿನಲ್ಲಿ ರಕ್ತ ಕುಡಿದು ಬಿದ್ದ ಉಂಬಳದ ಗುರುತು. ನಿದ್ದೆ ಮಾಡಿ ಎರಡು ರಾತ್ರಿಯಾಗಿತ್ತು ಎಂದು ಮುಖವೇ ಹೇಳುತ್ತಿತ್ತು. ತೋಟದಾಚೆ ಹಲಸಿನ ಮರ ಬಿದ್ದು 11 ಕೆ.ವಿ. ತಂತಿ ಕಡಿದಿದೆ, ತಂತಿಗಳನ್ನು ಕಂಬದಲ್ಲಿ ಜೋಡಿಸುವ ಜಂಪ್ ಹೋಗಿದೆ ಎಂದ. ಆಮೇಲೆ ತುಸು ಸಂಕೋಚದಿಂದ, “ಸರ್, ಎಲ್.ಸಿ. ತೆಗೆದುಕೊಳ್ಳಬೇಕು. ಫೋನ್ ಸತ್ತಿದೆ” ಎಂದ.

ಎಲ್.ಸಿ. ಎಂದರೆ ಲೈನ್ ಕ್ಲಿಯರ್. ಉಪಕೇಂದ್ರದವರು ಲೈನ್ ಆಫ್ ಮಾಡಿದ್ದೇವೆ, ನೀನು ಹೇಳುವವರೆಗೆ ಹಾಕುವುದಿಲ್ಲ ಎಂದು ಮಾತು ಕೊಡುವುದು. ಆ ಮಾತು ಸಿಗುವುದು ಫೋನಿನಲ್ಲಿ. ಸಿಗದೆ ಹತ್ತಿದವರು ಇಳಿದು ಬರುತ್ತಾರೆಂಬ ಖಾತರಿಯಿಲ್ಲ. ಒಬ್ಬ ಮನುಷ್ಯನ ಜೀವ ಫೋನಿನ ಒಂದಿಷ್ಟು ಚಾರ್ಜಿಗೆ ಜೋತುಬಿದ್ದಿದೆ.

ಅವನ ಫೋನ್ ಸಿಕ್ಕಿಸಿ ನಾನು ಸೈಕಲ್ ಹತ್ತಿದೆ. ಅತ್ತಿಗೆ ಅವನಿಗೆ ಕಾಫಿ, ಸುಟ್ಟ ಹಲಸಿನ ಹಪ್ಪಳ ಕೊಟ್ಟರು. ಅರ್ಧ ಗಂಟೆ ಕಳೆಯಿತು. ನನ್ನ ಏದುಸಿರು ನೋಡಲಾರದೆ, “ನಾನು ತುಳಿಯುತ್ತೇನೆ ಸರ್, ನೀವು ಇಳಿಯಿರಿ” ಎಂದ.

“ಬೇಡ ತಮ್ಮ. ನೀನು ಕಂಬ ಹತ್ತಬೇಕು.”

ಶೇಕಡಾ ಆರು ಆಗುತ್ತಲೇ ಫೋನ್ ಕಿತ್ತುಕೊಂಡು, ಪಕ್ಕದೂರಿನ ಟವರಿನ ಒಂದು ಕಡ್ಡಿ ಸಿಗುವ ಗುಡ್ಡದ ಕಡೆ ಆ ಮಳೆಯಲ್ಲೇ ಓಡಿದ. ನಾನು ಇಳಿಯೋಣವೆಂದು ಕಾಲು ಎತ್ತುವಷ್ಟರಲ್ಲಿ ಅತ್ತಿಗೆ ಒಳಗಿನಿಂದ ತಮ್ಮ ಫೋನ್ ತಂದು, ಸೆರಗಿನಲ್ಲಿ ಒರೆಸಿ, ಕ್ಯಾರಿಯರ್ ಮೇಲೆ ಇಟ್ಟರು.