ತತ್ತಿ ದಿನ

ಒಂದು ಮೊಟ್ಟೆ ಸುಲಿದರೆ 30 ಪೈಸೆ. ಈ ಲೆಕ್ಕ ನನಗೆ ಗೊತ್ತಾಗಿದ್ದು ನಮ್ಮ ಸಣ್ಣವ್ವನಿಂದ. ಆಕೆ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಒಂದು ಮೊಟ್ಟೆಗೆ ಸರ್ಕಾರ ಕಟ್ಟಿದ್ದ ದರ 6 ರೂಪಾಯಿ. ಕೊಳ್ಳೋಕೆ 5.20, ಬೇಯಿಸೋಕೆ 50 ಪೈಸೆ, ಸುಲಿಯೋಕೆ 30 ಪೈಸೆ. ಅಂಗಡಿಯಲ್ಲಿ ರೇಟು ಏರಿದ ದಿನ ಕಡಿಮೆ ಬಿದ್ದದ್ದು ಹೆಡ್ ಮೇಷ್ಟ್ರ ಜೇಬಿನಿಂದ.

ಶಾಲೆಯಲ್ಲಿ ಮೊಟ್ಟೆ ದಿನಾ ಇರದಿದ್ದ ಕಾಲ, ಒಂದು ಕಾರ್ತೀಕದಲ್ಲಿ ಊರಿಗೆ ಹೋದಾಗ ನಾನೂ ಸುಲಿಯೋಕೆ ಕೂತೆ. ಅರ್ಧ ಬಿಳಿ ಸಿಪ್ಪೆ ಜೊತೆಗೇ ಬಂತು. "ಬಿಸಿ ಇದ್ದಾಗನ ತಣ್ಣೀರಿಗೆ ಹಾಕಬೇಕವ್ವ. ನೀ ಹಿಂಗ ಸುಲದ್ರ ಹುಡುಗ್ರಿಗೆ ಗೋಲಿನ ಸಿಗ್ತಾವ" ಅಂತ ಬೈಸಿಕೊಂಡೆ. ನಮ್ಮ ಕಡೆ ಮೊಟ್ಟೆಗೆ ತತ್ತಿ ಅಂತಾರೆ. ಅದು ಹತ್ತಿ ಬಿಡಿಸುವ ಕಾಲ. ದೊಡ್ಡ ಹುಡುಗಿಯರು ಅವ್ವನ ಜೊತೆ ಹೊಲಕ್ಕೆ ಹೋಗಿಬಿಡ್ತಿದ್ರು. ಆದರೆ ತತ್ತಿ ದಿನ ಶಾಲೆಗೆ ಬಂದು, ಉಂಡು, ಆಮೇಲೆ ಹೊಲಕ್ಕೆ ಓಡ್ತಿದ್ರು. ಅರ್ಧ ದಿನವಾದರೂ ಬಂದರಲ್ಲ ಅಂತ ಮೇಷ್ಟ್ರು ಸುಮ್ನಿರ್ತಿದ್ರು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಬೆಂಗಳೂರಲ್ಲಿ ನನ್ನ ಮಗನಿಗೆ ತೂಕ ಕಡಿಮೆ ಅಂದಾಗ ಡಾಕ್ಟರು ಹೇಳಿದ್ದು ಒಂದೇ ಮಾತು, ದಿನಕ್ಕೊಂದು ಮೊಟ್ಟೆ ಕೊಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದೇ ಮೊಟ್ಟೆ 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮುಂತಾದ ಜಿಲ್ಲೆಗಳ ಶಾಲೆ ಮಕ್ಕಳ ತಟ್ಟೆಗೆ ಬಂದಾಗ ಎಷ್ಟು ಗಲಾಟೆ! ಕೆಲವು ಮಠಾಧೀಶರು ಹೋರಾಟದ ಮಾತಾಡಿದರು. ಬೇಡ ಅನ್ನುವವರಿಗೆ ಬಾಳೆಹಣ್ಣು ಇತ್ತು. ಯಾರ ಬಾಯಿಗೂ ಯಾರೂ ತುರುಕಿರಲಿಲ್ಲ. ತಿನ್ನುವ ಮಕ್ಕಳಿಗೂ ಸಿಗಬಾರದು ಅನ್ನೋದು ಯಾವ ನ್ಯಾಯ?

ಆ ಜಿಲ್ಲೆಗಳನ್ನು ಸುಮ್ನೆ ಆರಿಸಿದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿಯಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಅಂತ ಬರೆದು ಇಪ್ಪತ್ತು ವರ್ಷ ದಾಟಿತು. ಮೊಟ್ಟೆ ಕೊಟ್ಟ ಮೇಲೆ ಯಾದಗಿರಿಯ ಮಕ್ಕಳನ್ನು, ಆಗ ಮೊಟ್ಟೆ ಇಲ್ಲದ ಗದಗದ ಮಕ್ಕಳ ಜೊತೆ ತೂಗಿ ನೋಡಿದರು. ಯಾದಗಿರಿಯವರ ತೂಕ ಜಾಸ್ತಿ ಏರಿತ್ತು.

ಮೊಟ್ಟೆಯಿಂದ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆನೇ ಬೇಕು, ಜಂತುಹುಳದ ಮಾತ್ರೆ ಬೇಕು, ಕಕ್ಕಸು ಬೇಕು, ಒಳ್ಳೆ ನೀರು ಬೇಕು. ಆದರೆ "ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಅದಕ್ಕೇ ಹಿಂಗೆ" ಅನ್ನೋ ಮಾತು ಕೇಳಿದರೆ ಮೈ ಉರಿಯುತ್ತೆ. ಸಣ್ಣವ್ವನ ಮನೆಯಲ್ಲೇ ನಾಲ್ಕು ಜವಾರಿ ಕೋಳಿ ಇವೆ. ಅವುಗಳ ತತ್ತಿ ಸಂತೆಗೆ ಹೋಗುತ್ತೆ, ಬಂದ ದುಡ್ಡಲ್ಲಿ ಎಣ್ಣೆ, ಬೇಳೆ ಬರುತ್ತೆ. ತಿಳುವಳಿಕೆ ಬೇಕಾದಷ್ಟಿದೆ ಆಕೆಗೆ.

2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಖುಷಿಯೇ. ಆದರೆ ಅದರಲ್ಲಿ ನಾಲ್ಕು ದಿನದ ದುಡ್ಡು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು, ಮೂರು ವರ್ಷದ ಒಪ್ಪಂದ. ಕೊಟ್ಟವರಿಗೆ ದೊಡ್ಡ ನಮಸ್ಕಾರ. ಅದು ಮುಗಿಯೋ ಮೊದಲು ಈ ಖರ್ಚು ಸರ್ಕಾರದ ಬಜೆಟ್ಟಿನಲ್ಲಿ ಕಾಣಬೇಕು. ಹಂಗೇ ಆ ಸುಲಿಯೋ ದರವನ್ನೂ ಯಾರಾದರೂ ಒಂದ್ಸಲ ನೋಡಿ ಸ್ವಾಮಿ. ಸಣ್ಣವ್ವನ ಶಾಲೆಯಲ್ಲಿ 180 ಮಕ್ಕಳು. ದಿನಕ್ಕೆ 54 ರೂಪಾಯಿ ಆಯ್ತು. ಅಡುಗೆಯವರು ಮೂವರು.