ಸತ್ಯಾಂಶ: ಇಥೀರಿಯಂ ವಹಿವಾಟು 12 ಸೆಕೆಂಡಿನಲ್ಲಿ ಅಂತಿಮವಾಗುವುದಿಲ್ಲ

‘ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್ ಬಂದೇ ಬರುತ್ತದೆ, ಅದರಲ್ಲಿ ಸೇರಿದ ವಹಿವಾಟು ಆ ಕ್ಷಣವೇ ಅಂತಿಮ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು. (ಈಥರ್ ಎಂಬ ಕ್ರಿಪ್ಟೊ ಹಣದ ವಹಿವಾಟುಗಳನ್ನು ದಾಖಲಿಸುವ ಜಾಲವೇ ಇಥೀರಿಯಂ; ಒಟ್ಟಿಗೆ ದಾಖಲಾಗುವ ವಹಿವಾಟುಗಳ ಕಂತೆಯೇ ಬ್ಲಾಕ್.)

2022ರ ಸೆಪ್ಟೆಂಬರ್ 15ರಂದು ಪ್ರೂಫ್ ಆಫ್ ಸ್ಟೇಕ್ (ಈಥರ್ ಠೇವಣಿಯಿಟ್ಟವರೇ ಬ್ಲಾಕ್ ಮಂಡಿಸಿ, ಪರಿಶೀಲಿಸುವ) ಪದ್ಧತಿಗೆ ಬದಲಾದ ಇಥೀರಿಯಂ, ಸಮಯವನ್ನು 12 ಸೆಕೆಂಡುಗಳ ಸ್ಲಾಟ್‌ಗಳಾಗಿ ವಿಂಗಡಿಸಿದೆ. 32 ಸ್ಲಾಟ್‌ಗಳು ಸೇರಿದರೆ 6 ನಿಮಿಷ 24 ಸೆಕೆಂಡುಗಳ ಒಂದು ಇಪೋಕ್. ಪ್ರತಿ ಸ್ಲಾಟ್‌ಗೆ ಯಾದೃಚ್ಛಿಕವಾಗಿ ಆಯ್ಕೆಯಾದ ಒಬ್ಬ ಠೇವಣಿದಾರನಿಗೆ, ಅಂದರೆ ವ್ಯಾಲಿಡೇಟರ್‌ಗೆ ಬ್ಲಾಕ್ ಮಂಡಿಸುವ ಅವಕಾಶ ಸಿಗುತ್ತದೆ. ಆ ವ್ಯಾಲಿಡೇಟರ್‌ನ ಕಂಪ್ಯೂಟರ್ ಆಗ ಸಂಪರ್ಕದಲ್ಲಿರದಿದ್ದರೆ ಸ್ಲಾಟ್ ಖಾಲಿಯಾಗಿಯೇ ಕಳೆಯುತ್ತದೆ, ಸರದಿ ಮುಂದಿನವರಿಗೆ ಹೋಗುತ್ತದೆ.

ಹೆಚ್ಚು ಗಮನಿಸಬೇಕಾದದ್ದು ಎರಡನೆಯ ತಪ್ಪನ್ನು, ಏಕೆಂದರೆ ಹಣ ಕೈಸೇರಿತೆಂದು ನಂಬಿ ಸರಕು ಒಪ್ಪಿಸುವವರಿಗೆ ನಷ್ಟವಾಗುವುದು ಇಲ್ಲಿಯೇ. ಠೇವಣಿಯಿಟ್ಟ ಒಟ್ಟು ಈಥರ್‌ನ ಮೂರನೇ ಎರಡರಷ್ಟು ಪಾಲಿನ ವ್ಯಾಲಿಡೇಟರ್ ಮತಗಳು ಇಪೋಕ್‌ಗಳ ಗಡಿಯಲ್ಲಿನ ಬ್ಲಾಕ್‌ಗಳಿಗೆ ಬಿದ್ದ ಮೇಲೆಯೇ ವಹಿವಾಟು ಅಂತಿಮವೆನಿಸುತ್ತದೆ; ಅಲ್ಲಿಯವರೆಗೆ ಅದು ರದ್ದಾಗುವ ಸಾಧ್ಯತೆ ಇರುತ್ತದೆ. ಎಲ್ಲವೂ ಸರಿಯಿದ್ದರೂ ಇದಕ್ಕೆ ಸಾಮಾನ್ಯವಾಗಿ ಎರಡು ಇಪೋಕ್, ಅಂದರೆ ಸುಮಾರು 13 ನಿಮಿಷ ಬೇಕು. 2023ರ ಮೇ ತಿಂಗಳಲ್ಲಿ ಹೊಸ ಬ್ಲಾಕ್‌ಗಳು ಬರುತ್ತಲೇ ಇದ್ದರೂ ಸಾಕಷ್ಟು ಮತಗಳು ಸೇರದೆ ಅಂತಿಮಗೊಳ್ಳುವಿಕೆ ಎರಡು ಬಾರಿ ತಡವಾಗಿತ್ತು. ದೊಡ್ಡ ಮೊತ್ತವಾದರೆ, ವಹಿವಾಟುಗಳ ಸ್ಥಿತಿ ತೋರಿಸುವ ಜಾಲತಾಣವಾದ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ‘ಫೈನಲೈಸ್ಡ್’ ಎಂದು ಕಾಣಿಸುವವರೆಗೆ ಕಾಯಿರಿ.