ಆ ಕಡ್ಡಿಗೆ ಎಷ್ಟು ಮಕ್ಕಳು?

ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದಾಗಿನಿಂದ ನಾನು ನೆಟ್ಟಗೆ ಒಂದು ಸ್ನಾನ ಮಾಡಿಲ್ಲ. ಬಳ್ಳಾರಿಯ ಮೇ ತಿಂಗಳಿನಲ್ಲಿ ಇದು ಸಣ್ಣ ದೂರಲ್ಲ ಎಂಬುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಿರುವುದು ಒಂದೇ ಬಚ್ಚಲು. ಅದು ಬೆಳಿಗ್ಗೆ 7ರಿಂದ 9ರವರೆಗೆ ಮೂರೂವರೆ ಕಿಲೋ ತೂಗುವ ಒಬ್ಬ ವ್ಯಕ್ತಿಯ ಸ್ವಾಧೀನದಲ್ಲಿರುತ್ತದೆ. ಸೋದರಮಾವನೆಂಬ ಪದವಿಯ ದೆಸೆಯಿಂದ, ಆ ಹೊತ್ತಿನಲ್ಲಿ ತಂಬಿಗೆ ಹಿಡಿದು ನೀರು ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಎರೆಯುವವಳು ನಮ್ಮ ಓಣಿಯ ಅಜ್ಜಿ. ಹೊಕ್ಕುಳ ಬಳ್ಳಿ ಉದುರುವ ತನಕ ಕೂಸನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಕಿವಿ ಮೂಗಿಗೆ ಎಣ್ಣೆ ಬಿಡಬಾರದು, ಲೋಬಾನದ ಹೊಗೆಯಂತೂ ಕೂಡದು ಎಂದು ಮಕ್ಕಳ ಡಾಕ್ಟರು ಹೇಳಿ ಕಳಿಸಿದ್ದರಿಂದ, ಮೊದಲ ಒಂಬತ್ತು ದಿನ ಅಜ್ಜಿ ಕೈಕಟ್ಟಿ ಕುಳಿತು, ‘ಕೂಸಿನ್ನ ಕಿಟಕಿ ಒರಸಿದಂಗ ಒರಸ್ತಾರ’ ಎಂದು ಹಾದುಹೋಗುವವರಿಗೆಲ್ಲ ವರದಿ ಒಪ್ಪಿಸಿದಳು. ಹತ್ತನೆಯ ದಿನ ಬಳ್ಳಿ ಉದುರಿತು. ಹನ್ನೊಂದನೆಯ ದಿನ ಹೊತ್ತು ಮೂಡುವ ಮೊದಲೇ ಅವಳು ನಮ್ಮ ಬಚ್ಚಲಿನಲ್ಲಿ ಮಣೆ ಹಾಕಿ ಕಾಲು ಚಾಚಿದ್ದಳು.

ತೊಡಕೆಲ್ಲ ನೀರಿನ ಹದದ್ದು. ಈ ಬಿಸಿಲಿಗೆ ತಾರಸಿಯ ಟ್ಯಾಂಕಿನ ನೀರು ರಾತ್ರಿಯೆಲ್ಲ ಆರಿದರೂ ಬೆಳಿಗ್ಗೆ ಬೆಚ್ಚಗೇ ಇರುತ್ತದೆ. ಆದರೂ ಅಜ್ಜಿಗೆ ಹಂಡೆ ಕಾಯಲೇಬೇಕು. ಬಕೀಟಿನಲ್ಲಿ ಕೈ ಅದ್ದಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಧ್ಯಾನಿಸಿ, ‘ಬಿಸಿ ಹಾಕು’ ಎನ್ನುತ್ತಾಳೆ. ಹಾಕುತ್ತೇನೆ. ಮತ್ತೆ ಧ್ಯಾನ. ‘ತಣ್ಣೀರು.’ ಹಾಕುತ್ತೇನೆ. ‘ಬಿಸಿ.’ ಐವತ್ತು ವರ್ಷ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿದ ಆ ಅಂಗೈಗೆ ಬಿಸಿ ಯಾವುದು, ತಂಪು ಯಾವುದು ಎಂಬ ಭೇದ ಉಳಿದಿರುವುದು ನನಗೆ ಅನುಮಾನ. ಬಕೀಟು ತುಂಬಿ ತುಳುಕಿದರೆ ಅರ್ಧ ಚೆಲ್ಲಿ ಮತ್ತೆ ಮೊದಲಿನಿಂದ ಆರಂಭ. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರದ ಕೆರೆಗೆ, ಅಲ್ಲಿಂದ ನಮ್ಮ ತಾರಸಿಗೆ ಅಷ್ಟು ದೂರ ಬಂದ ನೀರು, ಹದ ತಪ್ಪಿದ ಒಂದೇ ಅಪರಾಧಕ್ಕೆ ಮೋರಿ ಸೇರುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ನಾನು ನೀರಿನ ಶಾಖ ಅಳೆಯುವ ಒಂದು ಥರ್ಮಾಮೀಟರ್ ತಂದೆ. ಕೂಸಿನ ನೀರು 37–38 ಡಿಗ್ರಿ ಇರಬೇಕೆಂದು ವಿವರಿಸಿದೆ. ಏಳು ಹೆತ್ತ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ತಮ್ಮಾ, ಈ ಕಡ್ಡಿಗೆ ಎಷ್ಟು ಮಕ್ಕಳಪ?’ ಎಂದು ಕೇಳಿದಳು.

ಮರುದಿನ ಅವಳು ‘ಹದ ಆತು’ ಎಂದಾಗ ಕಡ್ಡಿ 41 ತೋರಿಸುತ್ತಿತ್ತು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅಡುಗೆಮನೆಯಿಂದ ಅವ್ವ, ಮಂಚದ ಮೇಲಿಂದ ಅಕ್ಕ ತಲೆಗೊಂದು ಮಾತು ಸೇರಿಸಿದರು. ಈ ನ್ಯಾಯ ನಡೆಯುತ್ತಿದ್ದಾಗಲೇ ಅಜ್ಜಿಯ ಕಾಲ ಮೇಲೆ ಅಂಗಾತ ಮಲಗಿದ್ದ ವಾದಿ ಒಂದು ಧಾರೆ ಬಿಟ್ಟ. ಅದು ಮೊದಲು ನನ್ನ ಗಲ್ಲಕ್ಕೆ ತಾಗಿ, ಆಮೇಲೆ ಕೈಯಲ್ಲಿದ್ದ ಕಡ್ಡಿಯ ತುದಿಗೆ ಸರಿಯಾಗಿ ಬಿತ್ತು. ಎಲ್ಲರೂ ಬಗ್ಗಿ ನೋಡಿದೆವು: 36.9.

‘ಏನಂತದ?’ ಎಂದಳು ಅಜ್ಜಿ. ಹೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, ‘ಕೂಸೇ ಹೇಳಿದ ಮ್ಯಾಲೆ ಮುಗೀತು, ಹಾಕು ತಣ್ಣೀರು’ ಎಂದಳು. ಕಡ್ಡಿಯ ಮಾತಿಗೆ ಬಗ್ಗದವಳು ಅಂದಿನಿಂದ ದಿನವೂ ಕೂಸಿನ ಹೆಸರಿನಲ್ಲಿ ಎರಡು ತಂಬಿಗೆ ತಣ್ಣೀರು ಹೆಚ್ಚು ಹಾಕಿಸುತ್ತಾಳೆ.

ಎರೆಯುವಾಗ ಅವಳ ಎಡಗೈ ಕೂಸಿನ ಹಣೆಯ ಮೇಲೆ ಒಡ್ಡಿನಂತೆ ಅಡ್ಡ ನಿಲ್ಲುತ್ತದೆ. ನಾನು ಎಷ್ಟೇ ಅಡ್ಡಾದಿಡ್ಡಿ ಹೊಯ್ದರೂ ಒಂದು ಹನಿಯೂ ಕಣ್ಣಿಗಿಳಿಯುವುದಿಲ್ಲ. ಮೂವತ್ತೆರಡು ವರ್ಷದ ಹಿಂದೆ ನಾನೂ ಅವೇ ಕಾಲುಗಳ ಮೇಲೆ ಮಲಗಿ ಅರಚಿದವನಂತೆ. ಈಗ ಎರೆದಾದ ಮೇಲೆ ಏಳಲು ಅವಳಿಗೆ ಗೋಡೆ ಬೇಕು, ನನ್ನ ಭುಜವೂ ಬೇಕು. ಸೀರೆಯ ಅಂಚು ಹಿಂಡಿಕೊಳ್ಳುತ್ತ, ‘ಇದರ ಮುಂದಿನ ಕೂಸಿಗೆ ನನ್ನ ಮೊಣಕಾಲು ಬರಂಗಿಲ್ಲ’ ಎನ್ನುತ್ತಾಳೆ, ಯಾರಿಗೂ ಅಲ್ಲದಂತೆ.

ಇಂದು 9 ಗಂಟೆಗೆ ಬಚ್ಚಲು ನನಗೆ ದಕ್ಕಿತು. ನಳ ತಿರುವಿದರೆ ಗಾಳಿ ಬಂತು. ತಳದಲ್ಲಿ ಉಳಿದಿದ್ದ ಅರ್ಧ ತಂಬಿಗೆಯಲ್ಲಿ ಟವೆಲು ಅದ್ದಿಕೊಂಡು, ಹಿತ್ತಲಲ್ಲಿ ನಿಂತು ಕತ್ತು, ಕಂಕುಳು ಒರೆಸಿಕೊಳ್ಳುತ್ತಿದ್ದಾಗ ಹಾದಿಯಲ್ಲಿ ಹೊರಟಿದ್ದ ಅಜ್ಜಿ ನಿಂತು ನೋಡಿದಳು.

‘ಯಾಕಪ ತಮ್ಮಾ, ನಿನ್ನ ಹೊಕ್ಕಳ ಇನ್ನಾ ಉದುರಿಲ್ಲೇನು?’